ಮೂರು ಗೋಡೆಯ ವಿಷದ ತೋಟ

ಗೋವಿಂದರಾಜನಗರ
12 ಜುಲೈ 2024

ಸಂಘಮಿತ್ರಾ ಮೇಡಂ ಅವರಿಗೆ ನಮಸ್ಕಾರ.

ನನ್ನ ಹೆಸರು ಸ್ಪಂದನ. ನಿಮ್ಮ ತಮ್ಮ ಮಹದೇವ್ ಅವರ ಕೆಳಗಿನ ಮನೆಗೆ ಹೋದ ತಿಂಗಳು ಬಾಡಿಗೆಗೆ ಬಂದಿದ್ದೇವೆ. ನಾನು, ನನ್ನ ಗಂಡ ರೇವಂತ್, ಐದು ತಿಂಗಳ ಮಗಳು. ನಿಮ್ಮ ಫೋನ್ ನಂಬರ್ ಕೇಳಿದರೆ ಮಹದೇವ್ ಸಾರ್, “ಅಕ್ಕಂಗೆ ಕಿವಿ ಕೇಳ್ಸಲ್ಲ ಕಣಮ್ಮ, ಮೊಬೈಲೂ ಇಟ್ಕೊಂಡಿಲ್ಲ. ಕಾಗ್ದ ಬರೀರಿ. ನಿಮ್ಗೆ ಉತ್ತರ ಕೊಟ್ರೂ ಕೊಡ್ಬೋದು, ನಂಗಂತೂ ಕೊಡಲ್ಲ” ಎಂದು ಬ್ಯಾಡರಹಳ್ಳಿಯ ವಿಳಾಸ ಬರೆದುಕೊಟ್ಟರು. ಕಾಗದ ಬರೆದು ಎಷ್ಟು ವರ್ಷವಾಯಿತೋ ನೆನಪಿಲ್ಲ. ತಪ್ಪಿದ್ದರೆ ಕ್ಷಮಿಸಿ.

ವಿಷಯ ಒಳಕೋಣೆಯದು. ಮನೆ ನೋಡಲು ಬಂದಾಗ ಆ ಕೋಣೆಯ ತುಂಬ ಹಿಂದಿನವರ ಮಂಚ, ಬೀರು, ಮೂಟೆಗಳಿದ್ದವು. ಖಾಲಿಯಾದ ಮೇಲೆಯೇ ಮೂರು ಗೋಡೆಗಳ ಮೇಲಿನ ಚಿತ್ರ ನಾವು ಕಂಡಿದ್ದು. ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ಹಳೆಯ ಪುಸ್ತಕದ ಹಾಳೆಯ ಹಾಗೆ ಟೀ ಬಣ್ಣದ ಗೋಡೆ, ಒಂದೊಂದು ಗಿಡದ ಬೇರು, ಎಲೆ, ಹೂವು, ಸೀಳಿದ ಕಾಯಿ ಬೇರೆ ಬೇರೆ. ರೇವಂತ್ ಬಂದವರಿಗೆಲ್ಲ ತೋರಿಸುತ್ತಾನೆ. ಆದರೆ ಕೆಳಗೆ ಬರೆದಿರುವುದನ್ನು ಅವನು ಓದುವುದಿಲ್ಲ, ನಾನು ಓದಿದೆ. ಉಮ್ಮತ್ತಿ, ಕಣಗಿಲೆ, ಹರಳು, ಕಳ್ಳಿ, ಎಕ್ಕ, ಗುಲಗಂಜಿ, ಗೌರಿಹೂ. ಎಲ್ಲವೂ ವಿಷ. ಯಾವುದರ ಯಾವ ಭಾಗ, ತಿಂದರೆ ಏನಾಗುತ್ತದೆ, ಎಷ್ಟು ಹೊತ್ತಿನಲ್ಲಿ, ಎಲ್ಲ ಮುದ್ದಾದ ಅಕ್ಷರದಲ್ಲಿ.

ನಮ್ಮ ಮಗು ಆಗಲೇ ಮಗುಚಿಕೊಳ್ಳುತ್ತಿದೆ. ಇನ್ನೆರಡು ತಿಂಗಳಿಗೆ ಅಂಬೆಗಾಲಿಡುತ್ತದೆ. ಮಲಗಲು ಇರುವುದು ಅದೊಂದೇ ಕೋಣೆ. ನಮ್ಮ ಖರ್ಚಿನಲ್ಲೇ ಗೋಡೆಗೆ ಬಣ್ಣ ಹೊಡೆಸುತ್ತೇವೆ ಅಂದರೆ ಮಹದೇವ್ ಸಾರ್ ಒಪ್ಪಲಿಲ್ಲ. “ಮನೆ ಭಾಗ ಆಗೋವಾಗ ಅಕ್ಕ ಕೇಳಿದ್ದು ಅದೊಂದೇ. ಅವ್ಳ ಸಹಿ ಇಲ್ದೆ ಆ ಗೋಡೆಗೆ ಬ್ರಶ್ ಮುಟ್ಟಂಗಿಲ್ಲ” ಅಂದರು.

ದಯವಿಟ್ಟು ಒಪ್ಪಿಗೆ ಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ಸ್ಪಂದನ


ಬ್ಯಾಡರಹಳ್ಳಿ
20 ಜುಲೈ 2024

ಸ್ಪಂದನ ಅವರಿಗೆ,

ನಿಮ್ಮ ಪತ್ರ ತಲುಪಿತು. ಮೇಡಂ ಬೇಡ. ನಾನು ಯಾರಿಗೂ ಪಾಠ ಮಾಡಿದವಳಲ್ಲ. ಕಾಲೇಜಿನ ಬಾಟನಿ ಡಿಪಾರ್ಟ್‌ಮೆಂಟಿನಲ್ಲಿ ಮೂವತ್ತೊಂದು ವರ್ಷ ಚಾರ್ಟ್ ಬರೆಯುವ ಕೆಲಸ ಮಾಡಿದೆ. ಪಾಠ ಮಾಡುವವರು ನನ್ನ ಚಾರ್ಟನ್ನು ಕೋಲಿನಿಂದ ತೋರಿಸುತ್ತಿದ್ದರು, ಅಷ್ಟೇ.

ಗೋಡೆಗೆ ಬಳಸಿದ್ದು ಸುಣ್ಣ, ಕೆಮ್ಮಣ್ಣು, ದೀಪದ ಕಾಡಿಗೆ ಮತ್ತು ಮಕ್ಕಳ ಶಾಲೆಗೆ ಕೊಡುವ ಬಣ್ಣ. ಸೀಸದ ಬಣ್ಣ ಮುಟ್ಟಿಲ್ಲ. ಬಣ್ಣದ ಬಗ್ಗೆ ಹೇಳಬೇಕಾದ್ದು ಇಷ್ಟು.

ನಿಮ್ಮ ಹೆದರಿಕೆ ಬಣ್ಣದ್ದಲ್ಲ ಅನ್ನಿಸುತ್ತದೆ. ನನಗಿಂತ ಮುಂಚೆ ಆ ಕೋಣೆಯಲ್ಲಿ ನಾಲ್ಕು ಸಂಸಾರಗಳಿದ್ದವು. ಎರಡರಲ್ಲಿ ಕೈಮಕ್ಕಳಿದ್ದವು. ಯಾರೂ ಬರೆಯಲಿಲ್ಲ. ಯಾವ ಗಿಡ, ಏನು ಹೆದರಿಕೆ, ಬಿಡಿಸಿ ಬರೆಯಿರಿ. ಆಮೇಲೆ ಸಹಿಯ ವಿಚಾರ ನೋಡೋಣ.

ಸಂಘಮಿತ್ರಾ

(ಮೇಲೆ “ನನಗಿಂತ” ಎಂದು ಬರೆದಿದ್ದೇನೆ. “ನಿಮಗಿಂತ” ಎಂದು ಓದಿಕೊಳ್ಳಿ. ಆ ಕೋಣೆ ಇನ್ನೂ ನನ್ನದೇ ಎಂದು ಕೈಗೆ ಅನ್ನಿಸಿರಬೇಕು.)


ಗೋವಿಂದರಾಜನಗರ
2 ಆಗಸ್ಟ್ 2024

ಸಂಘಮಿತ್ರಮ್ಮನವರಿಗೆ,

ಹೀಗೆ ಕರೆಯಬಹುದು ತಾನೆ? ಬಿಡಿಸಿ ಬರೆಯಿರಿ ಅಂದಿರಿ. ಯಾರೂ ಇದುವರೆಗೆ ಹಾಗೆ ಕೇಳಿರಲಿಲ್ಲ. ಎಲ್ಲರೂ ಹೆದರಬೇಡ ಅನ್ನುತ್ತಾರೆ, ಏನು ಹೆದರಿಕೆ ಅನ್ನುವುದಿಲ್ಲ.

ಆರು ತಿಂಗಳಿಂದ ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿಲ್ಲ. ಮಗು ಮಲಗಿದರೂ ನನಗೆ ಬರುವುದಿಲ್ಲ. ಎಚ್ಚರವಿದ್ದಾಗ ಎದುರಿಗಿರುವುದು ಆ ಗೋಡೆಗಳೇ. ಹಾಗಾಗಿ ಬಾಯಿಪಾಠವಾಗಿ ಹೋಗಿದೆ. ಬಿ.ಕಾಂ. ಓದುವಾಗ ಒಂದು ಪುಟ ತಲೆಗೆ ಹತ್ತಿಸಿಕೊಳ್ಳಲು ಒದ್ದಾಡುತ್ತಿದ್ದವಳು, ಈಗ ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಬ್ಬಿಸಲು ಮಲಗಿರಬೇಕಲ್ಲ, ಅದು ಬೇರೆ ಮಾತು.

ಬಾಟಲಿಯನ್ನು ನಾಲ್ಕು ಸಲ ಕುದಿಸುತ್ತೇನೆ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯುತ್ತೇನೆ, ನಲ್ಲಿ ಮುಟ್ಟಿದೆನಲ್ಲ ಅಂತ ಮತ್ತೆ ತೊಳೆಯುತ್ತೇನೆ. ಬೆರಳುಗಳ ಸಂದಿ ಬಿರುಕು ಬಿಟ್ಟಿದೆ. ಮಾಗಡಿ ರಸ್ತೆಯಲ್ಲಿ ಒಂದು ಕಡೆ ರೋಡಿನ ಮಧ್ಯೆ ಕಣಗಿಲೆ ಬೆಳೆಸಿದ್ದಾರೆ. ಮೊದಲು ಅದು ಗುಲಾಬಿ ಬಣ್ಣದ ಹೂವು ಅಷ್ಟೇ ಆಗಿತ್ತು. ಈಗ ಆಟೋದವರಿಗೆ ಬೇರೆ ದಾರಿಯಲ್ಲಿ ಹೋಗಿ ಅನ್ನುತ್ತೇನೆ. ಮೊನ್ನೆಯವರು, “ಆ ಕಡೆ ಸುತ್ತಾಗುತ್ತೆ ಮೇಡಂ, ಯಾಕೆ, ಸಾಲದೋರು ಇದಾರಾ ಈ ರೋಡಲ್ಲಿ?” ಎಂದು ಕೇಳಿದರು.

ರೇವಂತ್ ಒಳ್ಳೆಯವನು. ಆದರೆ, “ಪೇಂಟಿಂಗ್ ಕಣೇ ಅದು. ನಾನು ಹಲ್ಲಿಗೆ ಹೆದರ್ತೀನಿ, ಅದಾದ್ರೂ ಓಡಾಡುತ್ತೆ” ಅನ್ನುತ್ತಾನೆ. ನಗು ಬಂತು. ಆಮೇಲೆ ಅಳು ಬಂತು. ಅವನು ಗಾಬರಿಯಾಗಿ ಆಫೀಸಿಗೆ ರಜ ಹಾಕಿ ಮೂರು ಹೊತ್ತೂ ಅಡುಗೆ ಮಾಡಿದ. ಉಪ್ಪಿಟ್ಟು, ಉಪ್ಪಿಟ್ಟು, ಮತ್ತೆ ಉಪ್ಪಿಟ್ಟು.

ಇದೆಲ್ಲ ಹೇಳಬಹುದಾದ್ದು. ಇನ್ನೊಂದಿದೆ. ಹೋದ ವಾರ ಮಧ್ಯಾಹ್ನ ಮಗುವಿಗೆ ಹಾಲು ಕುಡಿಸುತ್ತಾ ಉಮ್ಮತ್ತಿಯ ಮುಳ್ಳುಕಾಯಿ ನೋಡುತ್ತಿದ್ದೆ. ಇದೆಲ್ಲ ನನಗೆ ಇಷ್ಟು ಚೆನ್ನಾಗಿ ಗೊತ್ತಲ್ಲ, ಒಂದು ದಿನ ನಾನೇ

ಈ ವಾಕ್ಯ ಮುಗಿಸಲಾರೆ. ಹರಿದು ಹಾಕಿ ಬೇರೆ ಹಾಳೆ ತೆಗೆದುಕೊಳ್ಳೋಣ ಅಂದುಕೊಂಡೆ. ಹಾಗೇ ಕಳಿಸುತ್ತಿದ್ದೇನೆ.

ಗೋಡೆ ಹೋದರೆ ಅದೂ ಹೋಗುತ್ತದೆ ಅಂತ ನನ್ನ ನಂಬಿಕೆ. ಸಹಿ ಮಾಡಿ ಕಳಿಸಿ.

ಇಂತಿ,
ಸ್ಪಂದನ


ಬ್ಯಾಡರಹಳ್ಳಿ
9 ಆಗಸ್ಟ್ 2024

ಪ್ರಿಯ ಸ್ಪಂದನ,

ನೀವು ಮುಗಿಸದ ವಾಕ್ಯವನ್ನು ಎರಡು ಸಲ ಓದಿದೆ. ಮೊದಲು ಡಾಕ್ಟರ ಹತ್ತಿರ ಹೋಗಿ. ಮಗುವಿನ ಡಾಕ್ಟರಲ್ಲ, ನಿಮ್ಮ ಡಾಕ್ಟರು. ಆ ವಾಕ್ಯವನ್ನು ಪೂರ್ತಿಯಾಗಿ ಅವರ ಎದುರು ಹೇಳಿ. ಬಾಯಿಗೆ ಬಾರದಿದ್ದರೆ ಬರೆದುಕೊಂಡು ಹೋಗಿ ಓದಿ. ಹೆತ್ತವರಿಗೆ ಇಂಥ ಯೋಚನೆ ಬರುತ್ತದೆ, ಬಂದದ್ದಕ್ಕೆ ನಾಚಿಕೆಪಡಬೇಕಾಗಿಲ್ಲ, ಅಡಗಿಸಿಡಬಾರದು ಅಷ್ಟೇ. ನಮ್ಮವ್ವ ಗಂಗಲಕ್ಷ್ಮಮ್ಮ ನನ್ನ ತಮ್ಮ ಹುಟ್ಟಿದಾಗ ಮೂರು ತಿಂಗಳು ಮಚ್ಚು ಕುಡುಗೋಲನ್ನೆಲ್ಲ ಪಕ್ಕದ ಮನೆಯಲ್ಲಿ ಇಡಿಸಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಅವಳಾಗಿ ಹೇಳಲಿಲ್ಲ. ಈಗ ಅರ್ಥವಾಗುತ್ತಿದೆ. ನಿಮ್ಮ ರೇವಂತನನ್ನೂ ಕರೆದುಕೊಂಡು ಹೋಗಿ.

ಇನ್ನು ಗೋಡೆಯ ವಿಷಯ. ಅದು ವಿಷದ ತೋಟವಲ್ಲ. ಬೇಲಿ.

ನಮ್ಮಪ್ಪ ಚಿಕ್ಕಮುನಿಯಪ್ಪ ಬೇಲಿ ಹಾಕುತ್ತಿದ್ದರು. ಈಗ ನೀವಿರುವ ಕಡೆಯೆಲ್ಲ ಆಗ ರಾಗಿ ಹೊಲ, ಹೂವಿನ ತೋಟ. ತಂತಿಬೇಲಿ ಯಾರ ಕೈಗೂ ಎಟುಕುತ್ತಿರಲಿಲ್ಲ. ದನ ಯಾವುದಕ್ಕೆ ಬಾಯಿ ಹಾಕುವುದಿಲ್ಲವೋ ಅದನ್ನು ನೆಟ್ಟರೆ ಅದೇ ಬೇಲಿ. ಹೊರಸಾಲಿಗೆ ಕಳ್ಳಿ, ಸಂದಿಗೆ ಎಕ್ಕ, ಉಮ್ಮತ್ತಿ, ನೀರು ನಿಲ್ಲುವ ಕಡೆ ಹರಳು, ಮೇಲೆ ಹೆಣಿಗೆಗೆ ಗುಲಗಂಜಿ ಬಳ್ಳಿ. ಮೊದಲ ಮಳೆಗೆ ಕಡ್ಡಿ ನೆಟ್ಟರೆ ಎರಡನೇ ವರ್ಷಕ್ಕೆ ಮೇಕೆಯೂ ನುಗ್ಗುತ್ತಿರಲಿಲ್ಲ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಯಾವ ಗಿಡದ ಪಕ್ಕ ಯಾವುದು ಬದುಕುತ್ತದೆ ಎಂದು ಗೊತ್ತಿತ್ತು. ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಬ್ರಿಟಿಷರ ಕಾಲದ ಚಿತ್ರದ ಹಾಳೆಗಳಿದ್ದವು. ಆ ಶೈಲಿಯನ್ನು ಅಲ್ಲಿ ಕಲಿತು, ಅಪ್ಪ ನೆಡುತ್ತಿದ್ದ ಅನುಕ್ರಮದಲ್ಲಿ ಗೋಡೆಗೆ ಬರೆದೆ. ಬಾಗಿಲಿನ ಎಡಗಡೆಯಿಂದ ನೋಡುತ್ತಾ ಬನ್ನಿ, ಹೊಲದ ಸುತ್ತ ನಡೆದ ಹಾಗೆ.

ಕೆಳಗೆ ಬರೆದ ವಿವರ ಯಾರಿಗೂ ವಿಷ ಹಾಕಲು ಅಲ್ಲ. ಮುಟ್ಟಬಾರದ್ದು ಯಾವುದೆಂದು ತಿಳಿಯಲು.

ಹನ್ನೊಂದು ವರ್ಷದಲ್ಲಿ ಆ ಗೋಡೆಗೆ ಹೆದರಿದವರು ನೀವೊಬ್ಬರೇ. ಅದನ್ನು ನಿಜವಾಗಿ ನೋಡಿದವರೂ ನೀವೊಬ್ಬರೇ ಇರಬೇಕು. ಹಾಗಾಗಿ ಸಹಿ ಹಾಕಲು ಪೆನ್ನು ತೆಗೆದವಳು ಮತ್ತೆ ಮುಚ್ಚಿಟ್ಟೆ. ಸ್ವಾರ್ಥ ಅನ್ನಿ. ಡಾಕ್ಟರು ಏನಂದರು ಎಂದು ಮೊದಲು ಬರೆಯಿರಿ.

ಸಂಘಮಿತ್ರಾ


ಗೋವಿಂದರಾಜನಗರ
29 ಸೆಪ್ಟೆಂಬರ್ 2024

ಸಂಘಮಿತ್ರಮ್ಮನವರಿಗೆ,

ಏಳು ವಾರ ಬರೆಯಲಿಲ್ಲ. ಮೊದಲ ಎರಡು ವಾರ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಡಾಕ್ಟರ ಹತ್ತಿರ ಹೋದೆ. ವಾಕ್ಯವನ್ನು ಬರೆದುಕೊಂಡೇ ಹೋಗಿದ್ದೆ. ಓದುವಾಗ ರೇವಂತ್ ನನ್ನ ಚಪ್ಪಲಿ ನೋಡುತ್ತಾ ಕೂತಿದ್ದ. ಡಾಕ್ಟರು ಬೆಚ್ಚಿಬೀಳಲಿಲ್ಲ. “ಇದನ್ನ ವಾರಕ್ಕೆ ಇಬ್ರಾದ್ರೂ ಹೇಳ್ತಾರೆ ನನ್ ಹತ್ರ” ಅಂದರು. ಮಾತ್ರೆ ಕೊಟ್ಟಿದ್ದಾರೆ. ಮನೆಯಲ್ಲಿ ಇನ್ನೊಬ್ಬರು ಇರಬೇಕು ಅಂದರು. ಹಾಗಾಗಿ ಗಣೇಶನ ಹಬ್ಬ ಮುಗಿಸಿಕೊಂಡು ಅತ್ತೆ ಕೆಂಗೇರಿಯಿಂದ ಬಂದರು.

ಅತ್ತೆಯ ಹೆಸರು ಮುನಿತಾಯಮ್ಮ. ಅವರ ಕಡೆಯವರಿಗೆ ಒಂದು ಕಾಲದಲ್ಲಿ ಹೊಲ, ತೋಟ ಎಲ್ಲ ಇತ್ತು, ಈಗ ಅಲ್ಲೆಲ್ಲ ಲೇಔಟು. ಅವರಿಗೂ ಓದು ಬರುವುದಿಲ್ಲ. ಬ್ಯಾಗು ಇಟ್ಟವರೇ ಗೋಡೆ ನೋಡಿ ಸೆರಗು ಬಾಯಿಗೆ ಹಿಡಿದುಕೊಂಡರು. ಬೈಯುತ್ತಾರೆ ಅಂದುಕೊಂಡೆ. “ಅಯ್ಯೋ, ನಮ್ ತೋಟದ್ ಬೇಲಿ ಕಣವ್ವ ಇದು! ನೋಡು, ಉಮ್ಮತ್ತಿ ಪಕ್ಕದಲ್ಲೇ ಎಕ್ಕ. ಯಾರವ್ವ ಬರ್ದಿದ್ದು?” ಎಂದು ಎಡಗಡೆಯಿಂದಲೇ ಶುರುಮಾಡಿ ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಾ ನಡೆದರು. ನೀವು ಬರೆದಿದ್ದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ನನಗೆ ಭಯ ಅಂದಾಗ, “ದೇವ್ರಿಗೆ ಏರ್ಸೋ ಹೂವಲ್ವಾ ಇವೆಲ್ಲ? ಭಯ ಅಂತೆ” ಎಂದು ನಕ್ಕರು.

ಮೊನ್ನೆ ಶುಕ್ರವಾರ ಮಗುವಿಗೆ ಎಣ್ಣೆ ಸ್ನಾನ ಮಾಡಿಸಿ ಕೈಗೊಂದು ದಾರ ಕಟ್ಟಿದರು. ಅವರ ಮನೆತನದ ಪದ್ಧತಿಯಂತೆ, ಮೊದಲ ಮೊಮ್ಮಗುವಿಗೆ ದೃಷ್ಟಿಯಾಗದಿರಲಿ ಅಂತ ಅಜ್ಜಿ ಕೈಯಾರೆ ಪೋಣಿಸಬೇಕು. ಕಪ್ಪು ಮಣಿ, ಮಧ್ಯೆ ಮಧ್ಯೆ ಗುಲಗಂಜಿ. ಕೆಂಪಗೆ, ಒಂದು ಕಪ್ಪು ಕಣ್ಣು. ಮಗು ಮುಷ್ಟಿಯನ್ನು ಬಾಯಿಗಿಟ್ಟುಕೊಂಡಿತು.

ನಿಮ್ಮ ಗೋಡೆಯಲ್ಲಿ ಗುಲಗಂಜಿಯ ಕಾಳನ್ನು ಅಡ್ಡ ಸೀಳಿ ತೋರಿಸಿದ್ದೀರಿ. ಕೆಳಗೆ, ಸಿಪ್ಪೆ ಗಟ್ಟಿಯಾಗಿರುವ ತನಕ ವಿಷ ಹೊರಗೆ ಬರುವುದಿಲ್ಲ ಎಂದಿದೆ. ಅತ್ತೆ ಕಾದ ಸೂಜಿಯಿಂದ ಒಂದೊಂದಕ್ಕೂ ತೂತು ಹಾಕಿದ್ದರು.

ಆಗ ನನಗೇನಾಯಿತು ಅಂತ ಹೇಗೆ ಹೇಳಲಿ. ಓಡಿಹೋಗಿ ಕಿತ್ತುಹಾಕಲಿಲ್ಲ. ಮಗುವಿನ ಕೈಯನ್ನು ಬಾಯಿಂದ ತೆಗೆದು ಹಿಡಿದುಕೊಂಡು ಕೂತೆ. ಬಣ್ಣಕ್ಕೆ ಹೆದರಿದವಳು, ಕಣಗಿಲೆ ಅಂತ ಆಟೋ ಸುತ್ತು ಹಾಕಿಸಿದವಳು, ಈಗ ನಿಜವಾದ ಕಾಳು ಬಂದಿದೆ ಅಂದರೆ ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ. ಇದು ನಿಜವೋ, ನನ್ನ ಕಾಯಿಲೆಯೋ ಅಂತ ಗೊತ್ತಾಗಲಿಲ್ಲ. ರೇವಂತನನ್ನು ಕರೆದೆ. ಅವನು, “ಗೋಡೆ ಆಯ್ತು, ಈಗ ಅಮ್ಮ ಕಟ್ಟಿದ್ ದಾರಾನಾ? ನಂಗೂ ಇದನ್ನೇ ಕಟ್ಟಿದ್ರು ಕಣೇ” ಅಂದ. “ಹೂಂ ಮತ್ತೆ, ಗುಂಡುಕಲ್ಲಂಗಿದಾನೆ” ಅಂದರು ಅತ್ತೆ.

ನಿಮಗೆ ಕಾಗದ ಬರೆದು ಉತ್ತರ ಬರುವಷ್ಟು ಹೊತ್ತಿರಲಿಲ್ಲ. ಮಗುವಿನ ಕೈಯನ್ನು ಬಿಡದೆ, ಎತ್ತಿಕೊಂಡು, ಅತ್ತೆಯನ್ನು ಗೋಡೆಯ ಹತ್ತಿರ ಕರೆದೆ.

“ಅತ್ತೆ, ಈ ಕಾಳನ್ನ ದನ ತಿಂದ್ರೆ ಏನಾಗುತ್ತೆ?”

“ಏನಾಗುತ್ತೆ, ಇಡೀ ಕಾಳು ತಿಂದ್ರೆ ಸೆಗಣೀಲಿ ಹಂಗೇ ಬರುತ್ತೆ.”

“ಒಡೆದಿದ್ರೆ?”

“ಅರೆದಿದ್ರೆ ಬಿಡು, ಹೋದಂಗೇ. ನಮ್ ಕರಿ ಹಸು ಹಂಗೇ ಹೋಯ್ತು. ಯಾರೋ ಕಾಳು ಅರೆದು ಮುಳ್ಳಿನಂಗೆ ಮಾಡಿ ಚುಚ್ಚಿದ್ರು. ಬೇಲಿಯೋರದೇ ಕೆಲ್ಸ ಅಂತ ನಮ್ ಮಾವ ಅವ್ರನ್ನ ಕರ್ಸಿ...”

ಅಲ್ಲಿಗೆ ನಿಲ್ಲಿಸಿದರು. ಗೋಡೆ ನೋಡಿದರು, ಮಗುವಿನ ಕೈ ನೋಡಿದರು. ಕಾಳನ್ನು ತಿರುಗಿಸಿ ತೂತು ನೋಡಿದರು. “ತೂತು ಹಾಕ್ದೋಳು ನಾನೇ ಅಲ್ವಾ” ಅಂದರು, ಬಹಳ ಸಣ್ಣಗೆ. ಕತ್ತರಿ ತಂದು ಅವರೇ ದಾರ ಕತ್ತರಿಸಿದರು. ಹನ್ನೊಂದು ಕಾಳು. ಎಣಿಸಿದರು. ಮತ್ತೆ ಎಣಿಸಿದರು. ಮಗುವಿನ ಬಾಯಿ ಒರೆಸಿ, ಕೈ ತೊಳೆಸಿ, ತಮ್ಮ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದುಕೊಂಡರು. ನಾನು ಒಂದೇ ಸಲ ತೊಳೆದೆ. ಆಸ್ಪತ್ರೆಗೂ ಹೋಗಿ ತೋರಿಸಿಕೊಂಡು ಬಂದೆವು. ಏನೂ ಆಗಿಲ್ಲ ಅಂದರು.

ನಿಮ್ಮನ್ನು ಒಂದು ಕೇಳಬೇಕು. ಅತ್ತೆ ನಿಲ್ಲಿಸಿದ ಆ ಮಾತು. ಬೇಲಿಯವರು ಅಂದರೆ ನಿಮ್ಮವರೇ ಅಲ್ಲವೇ?

ಇಂತಿ,
ಸ್ಪಂದನ


ಬ್ಯಾಡರಹಳ್ಳಿ
10 ಅಕ್ಟೋಬರ್ 2024

ಪ್ರಿಯ ಸ್ಪಂದನ,

ಹೌದು, ನಮ್ಮವರೇ. ನಿಮ್ಮ ಅತ್ತೆಯ ಮಾವ ಕರೆಸಿದ್ದು ನಮ್ಮಪ್ಪನನ್ನೇ ಆಗಿರಬೇಕಿಲ್ಲ, ಅಂಥವರು ಪ್ರತಿ ಊರಿನಲ್ಲೂ ಇದ್ದರು. ದನ ಸತ್ತಾಗೆಲ್ಲ ಮೊದಲು ಹಿಡಿಯುತ್ತಿದ್ದುದು ಬೇಲಿ ಹಾಕಿದವನನ್ನು. ಯಾಕೆಂದರೆ ಗಿಡದ ಗುಣ ಅವನಿಗೆ ಗೊತ್ತು. ಗೊತ್ತಿರುವವನು ಮಾಡಿಯೇ ಮಾಡುತ್ತಾನೆ ಎಂಬುದು ಅವರ ಲೆಕ್ಕ. ಒಂದು ಸಲ ಅಪ್ಪ ಎರಡು ದಿನ ಮನೆಗೆ ಬರಲಿಲ್ಲ. ಬಂದಾಗ ಅವ್ವ ಬಾಗಿಲು ಹಾಕಿಕೊಂಡು ಬೆನ್ನಿಗೆ ಹರಳೆಣ್ಣೆ ಹಚ್ಚಿದಳು. ಮುಂದಿನ ಮಳೆಗೆ ಅದೇ ಹೊಲದವರು ಬೇಲಿ ಹಾಕಲು ಕರೆದರು. ಅಪ್ಪ ಹೋದರು. ಅರವತ್ತು ವರ್ಷ ವಿಷದ ಗಿಡಗಳ ಮಧ್ಯೆ ಕೈಯಾಡಿಸಿದ ಮನುಷ್ಯ, ಒಂದು ಕೋಳಿಯನ್ನೂ ಕೊಂದವರಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಊರಿನವರು ಅಪ್ಪನ ಮೇಲೆ ಹೊರಿಸಿದ್ದನ್ನು ನೀವು ನಿಮ್ಮ ಮೇಲೆ ನೀವೇ ಹೊರಿಸಿಕೊಂಡಿರಿ. ನಿಮಗೆ ಗೊತ್ತಿತ್ತು, ಆದ್ದರಿಂದ ಮಗುವಿನ ಕೈ ಹಿಡಿದಿರಿ. ನಡೆದದ್ದು ಅಷ್ಟೇ.

ಇನ್ನೊಂದು ಹೇಳಿಬಿಡುತ್ತೇನೆ, ಮಹದೇವನಿಗೂ ಹೇಳಿಲ್ಲ. ನಿಮ್ಮ ಅತ್ತೆಗೆ ಆ ಬೇಲಿ ಒಳಗಿನಿಂದ ಗೊತ್ತು, ನನಗೆ ಹೊರಗಿನಿಂದ. ಅಪ್ಪ ಬೇಲಿ ಮುಗಿಸಿದ ಮೇಲೆ ಹೊರಗೆ ನಿಂತು ರಾಗಿ ಹಾಕಿಸಿಕೊಳ್ಳುತ್ತಿದ್ದರು. ನೀರು ಬೇಕಾದರೂ ಹೊಲದವರು ಬೇಲಿಯಾಚೆಯಿಂದ ಎತ್ತಿ ಅಪ್ಪನ ಬೊಗಸೆಗೆ ಸುರಿಯುತ್ತಿದ್ದರು. ಕಡೆಗಾಲದಲ್ಲಿ ಕಾಲು ಬಿದ್ದುಹೋಗಿ ಅಪ್ಪ ಆ ಕೋಣೆಯಲ್ಲಿ ಮಲಗಿದಾಗ, ಅವರ ಬೇಲಿಯನ್ನೇ ಅವರ ಸುತ್ತ ಬರೆದೆ, ಒಳಗಿನಿಂದ ಕಾಣುವ ಹಾಗೆ. ಮುಗಿದ ದಿನ ಮೂರೂ ಕಡೆ ನೋಡಿ, “ಈಗ ನಾನೇ ಒಳಗಿದೀನಲ್ಲ ಕೂಸೇ” ಅಂದರು. ಆ ಕೋಣೆಯಲ್ಲಿ ಏಳು ತಿಂಗಳು ಮಲಗಿದರು.

ಇದರ ಜೊತೆ ಸಹಿ ಮಾಡಿದ ಕಾಗದವಿದೆ. ಬಣ್ಣ ಹೊಡೆಸಿಬಿಡಿ. ಒಳಗಿರುವವರಿಗೆ ನಿದ್ದೆ ಬಾರದ ಬೇಲಿಯನ್ನು ಅಪ್ಪ ಉಳಿಸುತ್ತಿರಲಿಲ್ಲ. ಮುಯ್ಯಿ ಅಂದುಕೊಳ್ಳಬೇಡಿ. ಮನಸ್ಸಿನಿಂದಲೇ ಹಾಕಿದ ಸಹಿ.

ಸಂಘಮಿತ್ರಾ


ಗೋವಿಂದರಾಜನಗರ
24 ನವೆಂಬರ್ 2024

ಸಂಘಮಿತ್ರಮ್ಮನವರಿಗೆ,

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಬೆನ್ನಿಗೆ ಹರಳೆಣ್ಣೆ ಹಚ್ಚಿದ ಸಾಲು ಬಂದಾಗ ಬಿಡೋಣ ಅನ್ನಿಸಿತು, ಬಿಡಲಿಲ್ಲ. ಅವರು ಕೊನೆಯವರೆಗೂ ಕೇಳಿ ಎದ್ದುಹೋಗಿ ಬಟ್ಟೆ ಒಗೆದರು. ಒಗೆದಿದ್ದ ಬಟ್ಟೆಯನ್ನೇ ಒಗೆದರು. ಸಂಜೆ ಬಂದು, “ಆವಮ್ಮ ಬರ್ತಾರಾ ಇಲ್ಲಿಗೆ? ಬಂದ್ರೆ ನಾನೇ ಅಡುಗೆ ಮಾಡಿ ಬಡಿಸ್ತೀನಿ ಅಂತ ಬರಿ” ಅಂದರು. ಅಷ್ಟೇ ಅಂದರು. ಅದು ಸಾಕೋ ಸಾಲದೋ ನೀವೇ ಹೇಳಬೇಕು.

ಮಹದೇವ್ ಸಾರ್‌ಗೂ ಸುದ್ದಿ ಮುಟ್ಟಿದೆ. ಮೆಟ್ಟಿಲ ಮೇಲೆ ತಡೆದು, “ಅಕ್ಕ ಬಂದ್ರೆ ಮೇಲಕ್ಕೂ ಬರ್ತಾಳಾ, ಕೆಳಗಡೆಯಿಂದ್ಲೇ ಹೋಗ್ತಾಳಾ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಅಂದೆ.

ಗೋಡೆಗೆ ಬಣ್ಣ ಹೊಡೆಸಿಲ್ಲ. ನೀವು ಸಹಿ ಮಾಡಿದ ಕಾಗದವನ್ನು ಹರಿದೂ ಹಾಕಿಲ್ಲ. ಸುಳ್ಳು ಹೇಳಬಾರದು, ಕೆಟ್ಟ ದಿನಗಳು ಈಗಲೂ ಬರುತ್ತವೆ. ಅಂಥ ದಿನ ಉಮ್ಮತ್ತಿಯ ಕಡೆಯ ಗೋಡೆಗೆ ಹಳೆಯ ಸೀರೆ ಇಳಿಬಿಡುತ್ತೇನೆ. ಅದಕ್ಕಾಗಿ ಚಿತ್ರದಿಂದ ಮೇಲಕ್ಕೆ, ಚಿತ್ರಕ್ಕೆ ತಾಗದ ಹಾಗೆ, ಎರಡು ಮೊಳೆ ಹೊಡೆಸಿದೆ. ಕೇಳದೆ ಹೊಡೆಸಿದ್ದಕ್ಕೆ ಕ್ಷಮಿಸಿ. ಈ ತಿಂಗಳು ಸೀರೆ ಇಳಿದದ್ದು ನಾಲ್ಕು ಸಲ. ಹೋದ ತಿಂಗಳು ಎಷ್ಟು ಅಂತ ಕೇಳಬೇಡಿ. ಮಾತ್ರೆ ಮುಂದುವರಿದಿದೆ. ಮೊನ್ನೆ ಒಟ್ಟಿಗೆ ಐದು ಗಂಟೆ ಮಲಗಿದೆ. ಎದ್ದು ಸಮಯ ನೋಡಿ ಗಡಿಯಾರ ನಿಂತಿದೆ ಅಂದುಕೊಂಡೆ.

ಮಗು ಈಗ ಅಂಬೆಗಾಲಿಡುತ್ತಾಳೆ. ಇವತ್ತು ಬೆಳಿಗ್ಗೆ ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಅವಳು ಸೀದಾ ಗೋಡೆಯ ಹತ್ತಿರ ಹೋಗಿ, ಅಂಗೈ ಊರಿ ಮಂಡಿಯ ಮೇಲೆ ಎದ್ದು, ಉಮ್ಮತ್ತಿಯ ಬಿಳಿ ಹೂವಿಗೆ ಬಾಯಿ ಹಾಕಿದಳು. ಮಡಚುತ್ತಿದ್ದ ಬಟ್ಟೆ ಬಿಟ್ಟು ಎದ್ದು ನಿಂತೆ. ಅವಳು ಎರಡು ಸಲ ನೆಕ್ಕಿ, ರುಚಿ ಹಿಡಿಸದೆ ಮುಖ ಸಿಂಡರಿಸಿ, ನನ್ನ ಕಡೆ ತಿರುಗಿ ನೋಡಿದಳು. ಬಾಗಿಲಲ್ಲಿದ್ದ ಅತ್ತೆ, “ಯಾಕ್ ಮಗಾ, ಉಪ್ಪಿಲ್ವಾ?” ಅಂದರು.

ನನಗೆ ನಗು ಬಂತು. ಗೋಡೆಯ ಮೇಲಿನ ಜೊಲ್ಲನ್ನು ಸೆರಗಿನಿಂದ ಒರೆಸಿದೆ. ಬಣ್ಣ ಹತ್ತಲಿಲ್ಲ. ಅವಳನ್ನು ಅತ್ತೆಯ ಜೊತೆ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಕುಕ್ಕರ್ ಮೂರು ಸಲ ಕೂಗುವವರೆಗೂ ಹೋಗಿ ನೋಡಲಿಲ್ಲ.

ನಿಮ್ಮ,
ಸ್ಪಂದನ